ಉಪ್ಪುಗದ್ದೆಯಲ್ಲಿ ಒಂದು ಸೇಡಿನ ಚಿತ್ರ

ಫೆಬ್ರವರಿ ೧೭, ಸೋಮವಾರ. ದಾಸೋಲ್

ಮನಿಲಾದಿಂದ ಬಂದಾಯಿತು. ವ್ಯಾನಿನಿಂದ ಇಳಿದರೆ ಕಣ್ಣು ಬಿಡಲಾಗದಷ್ಟು ಬಿಳುಪು. ಎತ್ತ ನೋಡಿದರೂ ಉಪ್ಪುಗದ್ದೆ, ಅದರಾಚೆ ಸಮುದ್ರ.

ನಲವತ್ತಾರನೆಯ ವಯಸ್ಸಿಗೆ ಮೊದಲ ಬಾರಿ ನಾಯಕಿ. ಇಷ್ಟು ವರ್ಷ ಧಾರಾವಾಹಿಗಳಲ್ಲಿ ಸೊಸೆಯಂದಿರ ಕೆನ್ನೆಗೆ ಬಾರಿಸಿಯೇ ಅನ್ನ ತಿಂದವಳು ನಾನು. ಮಾರುಕಟ್ಟೆಗೆ ಹೋದರೆ ಮುದುಕಿಯರು ನಿಜವಾಗಿಯೂ ಬೈಯುತ್ತಾರೆ. ಈಗ ಆ ಮುದುಕಿಯರೇ ನನಗಾಗಿ ಮರುಗಬೇಕು. ಪಾತ್ರದ ಹೆಸರು ಈಸಿಂಗ್, ಉಪ್ಪು ತೆಗೆಯುವವಳು. ಮಗನನ್ನು ಕೊಂದ ಪೊಲೀಸ್ ಅಧಿಕಾರಿ ನಿವೃತ್ತನಾಗಿ ಸುಖವಾಗಿ ಬದುಕಿರುವುದು ತಿಳಿದು ಅವನ ಬೆನ್ನು ಹತ್ತುತ್ತಾಳೆ. ಕೊನೆಗೆ ಉಪ್ಪಿನ ಉಗ್ರಾಣದಲ್ಲಿ ಗುಂಡು ಹಾರಿಸುತ್ತಾಳೆ.

ಆ ಅಧಿಕಾರಿಯ ಪಾತ್ರಕ್ಕೆ ನೋರಿ ಇಬಾನ್ಯೆಸ್. ಹೆಸರು ಕೇಳಿಯೇ ನಾನು ಒಪ್ಪಿಕೊಂಡದ್ದು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಒಂದು ನಾಯಕಿಯ ಪಾತ್ರ ಸಿಕ್ಕಿತ್ತು, ಅವನ ಎದುರಿಗೇ. ಶೂಟಿಂಗ್ ಶುರುವಾದ ವಾರದಲ್ಲೇ, ನಾನು ಪಕ್ಕದಲ್ಲಿ ನಿಂತಿರುವಾಗಲೇ ಅವನು ನಿರ್ಮಾಪಕರಿಗೆ ಹೇಳಿದ: "ಈ ಹುಡುಗಿ ಮುಖ ನೋಡಿ ಯಾರೂ ಅಳಲ್ಲ. ಬೇರೆಯವಳನ್ನ ಕರೆಸಿ." ಅದೇ ಸಂಜೆ ನನ್ನನ್ನು ಬಸ್ಸು ಹತ್ತಿಸಿದರು. ಅವನಿಗೆ ಹೇಳಬೇಕಾದ ಒಂದು ಮಾತು ಆವತ್ತಿನಿಂದ ನನ್ನಲ್ಲಿ ಸಿದ್ಧವಿದೆ. ಬಿಡುವಿದ್ದಾಗಲೆಲ್ಲ ಅದನ್ನು ತಿದ್ದಿದ್ದೇನೆ, ಮಸೆದಿದ್ದೇನೆ.

ಇವತ್ತು ಅವನು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಹೇಗಿದ್ದೀಯ ಅನಾಕ್?" ಎಂದ. ಮಗೂ ಎನ್ನುತ್ತಾನೆ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನೆನಪಿಲ್ಲವೋ, ನೆನಪಿಲ್ಲದವನ ಹಾಗೆ ನಟಿಸುತ್ತಾನೋ? ಗೊತ್ತಾಗುವ ತನಕ ನನಗೆ ನಿದ್ದೆ ಬಾರದು.

ಫೆಬ್ರವರಿ ೧೮

ಮೊದಲ ದೃಶ್ಯ. ಉಪ್ಪು ಮಾರುವ ನೆಪದಲ್ಲಿ ಅವನ ಮನೆಗೆ ಹೋಗುತ್ತೇನೆ. ಅವನು ಊಟಕ್ಕೆ ಕುಳಿತಿದ್ದಾನೆ.

ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ: ಅದ್ಭುತವಾಗಿ ಮಾಡಿದ. ಕೆಟ್ಟವನನ್ನು ಆಡುವಾಗ ನಾನಾಗಿದ್ದರೆ ಹುಬ್ಬು ಏರಿಸುತ್ತಿದ್ದೆ, ಸ್ವರ ತಗ್ಗಿಸುತ್ತಿದ್ದೆ. ಅವನು ಏನೂ ಮಾಡಲಿಲ್ಲ. ಬಾಂಗುಸ್ ಮೀನಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ, ಅಷ್ಟೆ. ನೋಡುತ್ತಾ ನೋಡುತ್ತಾ ನನ್ನ ಸಾಲನ್ನೇ ಮರೆಯುವುದರಲ್ಲಿದ್ದೆ. ಚಿತ್ರಕಥೆಯಲ್ಲಿ ಮುಳ್ಳಿನ ಮಾತೇ ಇಲ್ಲ. ಎಲ್ಲಿಂದ ಬಂತು ಅವನಿಗೆ ಅದು?

ನಿರ್ದೇಶಕಿ ಯಾನಿಗೆ ಮೂವತ್ತು ದಾಟಿದೆಯೋ ಇಲ್ಲವೋ; ಸೆಟ್ಟಿನಲ್ಲಿ ಎಲ್ಲರಿಗೂ ಅವಳು ಡಿರೆಕ್, ಅವಳಿಗೆ ನಾನು ಆತೆ, ಅಂದರೆ ಅಕ್ಕ. ಮಾನಿಟರಿನ ಹಿಂದೆ ಕುಣಿದಾಡುತ್ತಿದ್ದಳು. "ಆತೆ ಸೆನ್ಯಾ, ನೀವಿಬ್ರೂ ಎದುರುಬದುರು ಕೂತ್ರೆ ಸಾಕು, ಡೈಲಾಗೇ ಬೇಡ ನಂಗೆ!"

"ಡಿರೆಕ್, ಡೈಲಾಗ್ ಕಿತ್ಕೋಬೇಡಮ್ಮ. ಕಾದೂ ಕಾದೂ ಸಿಕ್ಕಿದೆ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಫೆಬ್ರವರಿ ೨೧

ಕುತೂಹಲದ ಸಂಗತಿಗಳು. ಅವನ ಮಗಳು ಮಿರಾಸೋಲ್ ಸದಾ ಕ್ಯಾಮೆರಾದ ಪಕ್ಕದಲ್ಲಿ, ಅವನ ಕಣ್ಣಳತೆಯಲ್ಲೇ ನಿಲ್ಲುತ್ತಾಳೆ. ಜಾಗ ಬಿಟ್ಟು ಕದಲುವುದಿಲ್ಲ. ಬಿಡುವಿನಲ್ಲಿ ಅವನು ಯಾರ ಜೊತೆಗೂ ಹರಟುವುದಿಲ್ಲ, ಹಿಂದೆ ಹರಟೆಮಲ್ಲನಾಗಿದ್ದವನು. ಎಲ್ಲರಿಗೂ ಅನಾಕ್, ಅನಾಕ್. ದೀಪ ಹೊರುವವನಿಗೂ, ನಿರ್ಮಾಪಕಿಯ ಗಂಡನಿಗೂ.

ಮೇಕಪ್ ಮಾಡುವ ಚೋಲೆಂಗ್‌ಗೆ ಹೇಳಿದೆ. ಅವಳು ನನ್ನ ಹುಬ್ಬಿಗೆ ಅಂಟಿದ ಉಪ್ಪನ್ನು ಒರೆಸುತ್ತಾ, "ದೊಡ್ಡ ಸ್ಟಾರು ಆತೆ. ಹೆಸರು ನೆನಪಿಟ್ಕೊಳೋ ಕಷ್ಟ ನಮ್ಮಂಥೋರಿಗೆ" ಎಂದಳು.

ಸುಮ್ಮನಿರಲಾಗದೆ ಒಂದು ಬಲೆ ಬೀಸಿದೆ. ಮಧ್ಯಾಹ್ನ ಅವನ ಪಕ್ಕ ಕುಳಿತು ಆ ಹಳೆಯ ಚಿತ್ರದ ಹೆಸರೆತ್ತಿ, ಅಣ್ಣನನ್ನು ಕರೆಯುವ ಹಾಗೆ, "ಕುಯಾ ನೋರಿ, ಅದ್ರಲ್ಲಿದ್ದ ಬಿಳೀ ಕುದುರೆ ನೆನಪಿದ್ಯಾ?" ಎಂದೆ.

"ಅಯ್ಯೋ, ಆ ಕುದುರೆ!" ತೊಡೆ ತಟ್ಟಿಕೊಂಡು ನಕ್ಕ. "ನನ್ನನ್ನ ಎರಡು ಸಲ ಕೆಡವಿತ್ತು. ಭಾರೀ ಹಟಮಾರಿ. ಬೆಲ್ಲ ಕೊಟ್ರೆ ಮಾತ್ರ ನಡೀತಿತ್ತು."

ಆ ಚಿತ್ರದಲ್ಲಿ ಕುದುರೆಯೇ ಇರಲಿಲ್ಲ. ಬಿಳಿಯದೂ ಇಲ್ಲ, ಕರಿಯದೂ ಇಲ್ಲ.

ಸುಳ್ಳುಗಾರ. ಆದರೆ ಯಾಕೆ? ಇಲ್ಲ ಎಂದರೆ ಮುಗಿಯುತ್ತಿತ್ತಲ್ಲ.

ಫೆಬ್ರವರಿ ೨೫

ಇವತ್ತು ಮಿರಾಸೋಲ್ ಔಷಧಿಗೆಂದು ಪೇಟೆಗೆ ಹೋಗಿದ್ದಳು. ಅವಳು ಬರುವ ಮೊದಲೇ ಯಾನಿ ಒಂದು ಸಣ್ಣ ದೃಶ್ಯ ಮುಗಿಸೋಣವೆಂದಳು. ಅವನು ಬಾಗಿಲು ತೆರೆದು, "ಯಾರು ಕಳಿಸಿದ್ದು ನಿನ್ನನ್ನ?" ಎನ್ನಬೇಕು. ಬಾಗಿಲು ತೆರೆದ. ನನ್ನನ್ನು ನೋಡಿದ. ಮಾತು ಬರಲಿಲ್ಲ.

ಮತ್ತೆ. ಮತ್ತೂ ಒಮ್ಮೆ. ಕೊನೆಗೆ ಬಾಗಿಲನ್ನು ದಡಾರೆಂದು ಹಾಕಿ, "ದೀಪ ಕಣ್ಣಿಗೆ ಹೊಡೀತಿದೆ! ಇದೇನು ಶಾಲೆ ನಾಟಕಾನಾ?" ಎಂದು ಕೂಗಾಡಿದ. ದೀಪದವನು ಪೆಚ್ಚಾಗಿ ತಲೆ ತಗ್ಗಿಸಿದ. ಎಲ್ಲರೂ ಅದನ್ನು ಕೋಪ ಎಂದುಕೊಂಡರು.

ನಾನು ಹತ್ತಿರದಲ್ಲಿದ್ದೆ. ಬಾಗಿಲು ಹಾಕುವ ಮುನ್ನ ಅವನ ಕಣ್ಣು ಕ್ಯಾಮೆರಾದ ಪಕ್ಕದಲ್ಲಿ ಯಾರನ್ನೋ ಹುಡುಕಿ ಸೋತದ್ದನ್ನು ಕಂಡೆ. ಭಯ ಎಂದರೇನು ಎಂದು ನನಗೆ ಗೊತ್ತು, ಕಂಡಿದ್ದೇನೆ, ಆಡಿದ್ದೇನೆ. ಯಾವುದರ ಭಯ?

ಮಾರ್ಚ್ ೨, ಭಾನುವಾರ

ರಜೆ. ಪೂಜೆ ಮುಗಿಸಿ ಚರ್ಚಿನಿಂದ ಗದ್ದೆಗಳ ಬದುವಿನ ಮೇಲೆ ನಡೆದು ಬರುತ್ತಿದ್ದೆ. ದೂರದಲ್ಲಿ ಒಬ್ಬ ಮುದುಕ ಬರಿಗಾಲಲ್ಲಿ, ಮನೆಯಂಗಿಯಲ್ಲಿ, ಉಪ್ಪು ಕಟ್ಟಿದ ಗದ್ದೆಯ ನಡುವೆಯೇ ನಡೆಯುತ್ತಿದ್ದ. ಕೆಲಸದ ಹೆಂಗಸರು ಉಪ್ಪು ಎಳೆಯುವ ಹಲುಬೆ ಊರಿ ನಿಂತು ನೋಡುತ್ತಿದ್ದರು. ಹತ್ತಿರ ಹೋದರೆ ನೋರಿ.

"ಅನಾಕ್, ನಮ್ಮನೆಗೆ ಯಾವ ಕಡೆ ಹೋಗ್ಬೇಕು?" ಎಂದ. "ಅಮ್ಮ ಕಾಯ್ತಿರ್ತಾಳೆ. ತಡ ಮಾಡಿದ್ರೆ ಬೈತಾಳೆ."

ಅವನಿಗೆ ಎಪ್ಪತ್ತೊಂದು. ಅವನ ತಾಯಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದ ಫೋಟೋ ನನಗೆ ನೆನಪಿದೆ.

"ಈ ಕಡೆ ಕುಯಾ. ನಾನೂ ಅಲ್ಲಿಗೇ ಹೊರಟಿದೀನಿ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ದಾರಿಯುದ್ದಕ್ಕೂ ಅಮ್ಮನ ಬೆಳ್ಳುಳ್ಳಿ ಅನ್ನದ ಬಗ್ಗೆ ಮಾತಾಡಿದರು. ಉಪ್ಪು ಅಂಗಾಲು ಕೊರೆದು ರಕ್ತ ಬಂದಿತ್ತು, ಅವರಿಗೆ ಅರಿವಿರಲಿಲ್ಲ.

ಮಿರಾಸೋಲ್ ಹುಚ್ಚಿಯಂತೆ ಬೀದಿಯಲ್ಲಿ ಓಡಾಡುತ್ತಿದ್ದಳು. ಅಪ್ಪನನ್ನು ಒಳಗೆ ಮಲಗಿಸಿ ಬಂದು ನನ್ನೆದುರು ನಿಂತಳು.

"ಎರಡು ವರ್ಷ ಆಯ್ತು ಆತೆ. ಬೆಳಗಿನ ಹೊತ್ತು ಪರವಾಗಿಲ್ಲ. ಮಧ್ಯಾಹ್ನ ದಾಟಿದ್ರೆ ಹೀಗೆ. ನಾನು ಕ್ಯಾಮೆರಾ ಪಕ್ಕ ನಿಂತು ತುಟಿ ಆಡಿಸ್ತೀನಿ, ಅದನ್ನ ನೋಡ್ಕೊಂಡು ಹೇಳ್ತಾರೆ."

"ಯಾರಿಗೂ ಹೇಳಿಲ್ವಾ?"

"ಹೇಳಿದ್ರೆ ಯಾರು ಕೆಲಸ ಕೊಡ್ತಾರೆ? ಇದೇ ಕೊನೇದು ಅಂತ ಅವರಿಗೂ ಗೊತ್ತು. ಡಿರೆಕ್‌ಗೆ ಮಾತ್ರ ಹೇಳ್ಬೇಡಿ. ನಿಮ್ಮ ದಮ್ಮಯ್ಯ."

ನೆನಪಿಲ್ಲದವನ ನಟನೆಯಲ್ಲ ಅದು. ನೆನಪಿರುವವನ ನಟನೆ. ಆ ಬಿಳೀ ಕುದುರೆ!

ಈಗ ನನ್ನ ಒಂದು ಮಾತು ಸಾಕು. ಅದೇ ಸಂಜೆಯ ಬಸ್ಸು, ಈ ಸಲ ಅವನಿಗೆ.

ಮಾರ್ಚ್ ೩

ಹೇಳಲಿಲ್ಲ. ನಾಳೆ ಹೇಳಬಹುದು.

ಮಾರ್ಚ್ ೫, ಬೂದಿ ಬುಧವಾರ

ಬೆಳಿಗ್ಗೆ ಪಾದ್ರಿಗಳು ಸೆಟ್ಟಿಗೇ ಬಂದು ಎಲ್ಲರ ಹಣೆಗೆ ಬೂದಿ ಹಚ್ಚಿದರು. ಚೋಲೆಂಗ್ ತಲೆ ಚಚ್ಚಿಕೊಂಡಳು. "ದೇವರು ಹಚ್ಚಿದ್ದನ್ನ ನಾನು ಒರೆಸ್ಬೇಕು. ನಿನ್ನೆ ತೆಗೆದ ಶಾಟಲ್ಲಿ ಬೂದಿ ಇರ್ಲಿಲ್ವಲ್ಲ! ನರಕಕ್ಕೆ ಹೋಗೋಳು ನಾನು."

ಇವತ್ತೂ ಹೇಳಲಿಲ್ಲ. ಕಾರಣ ಸ್ಪಷ್ಟವಾಗಿ ಬರೆದಿಡುತ್ತೇನೆ: ಈಗ ಅವರನ್ನು ತೆಗೆದರೆ ಚಿತ್ರವೇ ನಿಲ್ಲುತ್ತದೆ, ನನ್ನ ನಾಯಕಿ ಪಟ್ಟವೂ ಹೋಗುತ್ತದೆ. ಬೇರೇನೂ ಇಲ್ಲ.

ಮಿರಾಸೋಲ್ ನಿಲ್ಲಲು ಜಾಗವಿಲ್ಲದ ದೃಶ್ಯ ಇವತ್ತಿನದು, ದೋಣಿಯ ಮೇಲೆ ಇಬ್ಬರೇ. ಹಾಗಾಗಿ ನಾನೊಂದು ಪ್ರಯೋಗ ಮಾಡಿದೆ. ಅವರ ಸಾಲಿನ ಮೊದಲ ಪದವನ್ನು ನನ್ನ ಸಾಲಿನ ಬಾಲಕ್ಕೆ ಪ್ರಶ್ನೆಯ ಹಾಗೆ ಕಟ್ಟಿಬಿಟ್ಟೆ. "ಆವತ್ತು ಮಳೆ ಇತ್ತಾ?" ಎಂದು ನಾನು ಕೇಳಿದರೆ, "ಮಳೆ..." ಎಂದು ಹಿಡಿದುಕೊಂಡು ಮುಂದಿನದನ್ನೆಲ್ಲ ಹೇಳಿಬಿಟ್ಟರು. ಬಾವಿಗೆ ಹಗ್ಗ ಇಳಿಬಿಟ್ಟು ಕೊಡ ಮೇಲೆ ಬಂದ ಹಾಗೆ. ಒಳಗೆ ನೀರಿದೆ! ಎಲ್ಲ ಇದೆ, ಹಗ್ಗ ಮಾತ್ರ ಇಲ್ಲ.

ಮಾಂಸ ಬಿಟ್ಟ ದಿನ. ಗಂಜಿ, ಒಣಮೀನು. ಅವರ ಪಾಲಿನ ಮೀನನ್ನು ನಾನು ಬಿಡಿಸಿಕೊಟ್ಟೆ, ಮಿರಾಸೋಲ್‌ಗೂ ಸ್ವಲ್ಪ ಬಿಡುವು ಬೇಕಲ್ಲ.

ಮಾರ್ಚ್ ೮

ಮಧ್ಯಾಹ್ನದ ಬಿಸಿಲಿಗೆ ಕಣ್ಣು ಉರಿಯುತ್ತದೆ, ನಮ್ಮ ಜೋಡಿ ದೃಶ್ಯಗಳನ್ನೆಲ್ಲ ಬೆಳಿಗ್ಗೆಗೇ ಹಾಕಬೇಕು ಎಂದು ಯಾನಿಯ ಹತ್ತಿರ ರಂಪ ಮಾಡಿದೆ. ಒಪ್ಪಿದಳು, ಮುಖ ದಪ್ಪಗೆ ಮಾಡಿಕೊಂಡು.

"ಎಲ್ರೂ ಏನಂತಿದಾರೆ ಗೊತ್ತಾ ಆತೆ?" ಎಂದಳು ಚೋಲೆಂಗ್. "ನಾಯಕಿ ಆಗಿದ್ದೇ ತಡ, ಸೆನ್ಯಾಗೆ ಕೊಂಬು ಬಂತು ಅಂತ."

"ಬಂದಿದ್ರೆ ಅದಕ್ಕೂ ಸ್ವಲ್ಪ ಪೌಡರ್ ಹಚ್ಚು" ಎಂದೆ.

ಬೆಳಗಿನ ನೋರಿ ಬೇರೆಯೇ ಮನುಷ್ಯ. ಕಾಫಿ ಕುಡಿಯುತ್ತಾ ಇಬ್ಬರೂ ಸಾಲು ಓದುತ್ತೇವೆ. ಇವತ್ತು ನಾನು ಕೊನೆಯ ದೃಶ್ಯಕ್ಕೆ ಪಿಸ್ತೂಲು ಹಿಡಿಯುವುದನ್ನು ತೋರಿಸಿದಾಗ ತಲೆಯಾಡಿಸಿದರು.

"ಯಾಕೆ ಅವನ ಮುಖ ನೋಡ್ತಿದೀಯ?"

"ಸೇಡು ಅಲ್ವಾ ಕುಯಾ? ಮುಖ ನೋಡ್ಕೊಂಡು ಕೊಲ್ಬೇಕು."

"ಅದು ಸಿನಿಮಾದವರು ಮಾಡೋದು. ಹೆದರಿದ ಹೆಂಗಸು ಅವನ ಕೈ ನೋಡ್ತಾಳೆ. ತನ್ನ ಮಗನ್ನ ಮುಟ್ಟಿದ ಕೈ ಅದು. ಮುಖ ನೋಡೋ ಧೈರ್ಯ ಕೊನೇಲಿ ಬರತ್ತೆ, ಬಂದ್ರೆ."

ಸರಿ ಅನ್ನಿಸಿತು. ಇಷ್ಟು ವರ್ಷ ಕೆನ್ನೆಗೆ ಹೊಡೆಯುವಾಗ ನಾನು ಯಾರ ಕೈಯನ್ನೂ ನೋಡಿರಲಿಲ್ಲ.

ನನ್ನ ಮಾತನ್ನು ಇವತ್ತು ಹೇಳಬಹುದಿತ್ತು. ಅವರಿಗೆ ಅರ್ಥವಾಗುವಷ್ಟು ತಿಳಿಯಾದ ಬೆಳಗಾಗಿತ್ತು. ಕಾಫಿ ಆರುತ್ತಿತ್ತು, ಮರೆತೆ.

ಮಾರ್ಚ್ ೧೪, ಶುಕ್ರವಾರ

ಕೊನೆಯ ದೃಶ್ಯ. ಉಗ್ರಾಣದ ಬಿರುಕುಗಳಿಂದ ಇಳಿಬಿಸಿಲು ಉಪ್ಪಿನ ರಾಶಿಯ ಮೇಲೆ ಬೀಳಬೇಕಂತೆ. ಮಧ್ಯಾಹ್ನವೇ ಆಗಬೇಕು ಎಂದು ಯಾನಿ ಹಟ ಹಿಡಿದಳು. ನನ್ನ ಕಣ್ಣುರಿಯ ನಾಟಕ ನಡೆಯಲಿಲ್ಲ. ಮಿರಾಸೋಲ್ ಬಿಳಿಚಿಕೊಂಡಿದ್ದಳು.

ಬರೆದದ್ದು ಹೀಗೆ: ನಾನು ಪಿಸ್ತೂಲು ಹಿಡಿದು ಮಗನ ಹೆಸರು ಹೇಳುತ್ತೇನೆ. ಅವರು ನಕ್ಕು, "ನಿನ್ನ ಮಗ ಯಾರೋ ನಂಗೆ ನೆನಪಿಲ್ಲ. ಎಷ್ಟು ಜನ ಅಂತ ನೆನಪಿಟ್ಕೊಳ್ಳಿ?" ಎನ್ನುತ್ತಾರೆ. ಗುಂಡು. ಕತ್ತಲೆ.

ಒಳಗೆ ಹೋದೆ. ಅವರು ಉಪ್ಪಿನ ರಾಶಿಗೆ ಒರಗಿ ಕುಳಿತಿದ್ದರು. ಅವರು ಹೇಳಿಕೊಟ್ಟಂತೆ ಕೈಗಳನ್ನು ನೋಡಿದೆ. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಮಗನ ಹೆಸರು ಹೇಳಿದೆ. "ನೆನಪಿದ್ಯಾ?" ಎಂದು ಹಗ್ಗ ಇಳಿಬಿಟ್ಟೆ. ಕೊಡ ಮೇಲೆ ಬರಲಿಲ್ಲ. ಆಗ ಮುಖ ನೋಡಿದೆ.

ನನ್ನನ್ನು ನೋಡುತ್ತಿದ್ದರು. ಈಸಿಂಗಳನ್ನಲ್ಲ, ಸೆನ್ಯಾಳನ್ನೂ ಅಲ್ಲ. ಯಾರೋ ಒಬ್ಬಳು ಬಾಗಿಲಿಗೆ ಬಂದಿದ್ದಾಳೆ ಎನ್ನುವಷ್ಟೇ.

"ಯಾರಮ್ಮ ನೀನು?" ಎಂದರು. "ಇಂಥಾ ಬಿಸಿಲಲ್ಲಿ ಬಂದಿದೀಯಲ್ಲ. ಊಟ ಆಯ್ತಾ?"

ಕ್ಯಾಮೆರಾ ಓಡುತ್ತಿತ್ತು. ಯಾರೂ ಕಟ್ ಎನ್ನಲಿಲ್ಲ. ಗುಂಡು ಹಾರಿಸಿದ್ದರೆ ಆಗಿತ್ತು, ಸದ್ದು ಮಾತ್ರದ ಗುಂಡು. ಬೆರಳು ಬಾಗಲಿಲ್ಲ. ಮಸೆದು ಮಸೆದು ಇಟ್ಟಿದ್ದ ಮಾತು ಗಂಟಲವರೆಗೆ ಬಂದದ್ದು ನಿಜ. ಇವರಿಗೆ ಹೇಳುವುದು ಹೇಗೆ? ಆ ಮನುಷ್ಯ ಅಲ್ಲಿರಲಿಲ್ಲ.

"ಇಲ್ಲ" ಎಂದೆ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಹಾಗಾದ್ರೆ ಕೂತ್ಕೋ. ಅಮ್ಮ ಬರ್ತಾಳೆ, ಬಡಿಸ್ತಾಳೆ." ಪಕ್ಕದ ಉಪ್ಪನ್ನು ಅಂಗೈಯಿಂದ ಸವರಿ ಸಮ ಮಾಡಿಕೊಟ್ಟರು. ನಾನು ಪಿಸ್ತೂಲನ್ನು ಕೆಳಗಿಟ್ಟು ಕುಳಿತೆ. ಇಬ್ಬರೂ ಬಾಗಿಲ ಕಡೆ ನೋಡುತ್ತಾ ಕುಳಿತಿದ್ದೆವು, ಬಿಸಿಲು ಜಾರುವವರೆಗೆ.

ಕಟ್ ಎಂದ ಮೇಲೂ ಯಾರೂ ಅಲುಗಲಿಲ್ಲ. ಚೋಲೆಂಗ್ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ದೀಪದವನೂ ಅಳುತ್ತಿದ್ದ. ಯಾನಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು. "ಯಾವಾಗ ಕೂತು ಯೋಚಿಸಿದ್ರಿ ಇದನ್ನ ನೀವಿಬ್ರೂ? ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಮಿರಾಸೋಲ್ ನನ್ನತ್ತ ನೋಡಿದಳು. ನಾನು ಕುಯಾನ ಬೆನ್ನಿಗೆ ಅಂಟಿದ್ದ ಉಪ್ಪನ್ನು ಕೊಡವತೊಡಗಿದೆ.

ಮಾರ್ಚ್ ೧೫

ಹೇಳಿದೆ.

ಬೆಳಿಗ್ಗೆ ಮಿರಾಸೋಲ್‌ಳನ್ನು ಕೇಳಿ, ಅವಳನ್ನೂ ಕರೆದುಕೊಂಡು ಯಾನಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. "ನಿನ್ನೆಯದು ನಟನೆ ಅಲ್ಲ ಡಿರೆಕ್. ಅದನ್ನ ಸಿನಿಮಾದಲ್ಲಿ ಹಾಕ್ಬೇಡ. ಮಲಗಿರೋ ಮನುಷ್ಯನ ಜೇಬಿಗೆ ಕೈ ಹಾಕಿದ ಹಾಗಾಗತ್ತೆ."

ಯಾನಿ ಉಗುರು ಕಚ್ಚಿದಳು. "ಆತೆ, ನಿಮ್ಮ ಜೀವಮಾನದಲ್ಲಿ ನೀವು ಮಾಡಿದ್ರಲ್ಲಿ ಅತ್ಯುತ್ತಮ ಅದು. ಗೊತ್ತಾ?"

"ಗೊತ್ತು."

"ಅದನ್ನ ತೆಗೆದು ಬಿಸಾಡು ಅಂತೀರಾ?"

"ಅಪ್ಪನ್ನೇ ಕೇಳೋಣ" ಎಂದಳು ಮಿರಾಸೋಲ್. "ಇನ್ನೂ ಬೆಳಿಗ್ಗೆ ಇದೆ."

ಅವರು ಹೊರಗೆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಾ ಕುಳಿತಿದ್ದರು. ಯಾನಿ ಮಾನಿಟರು ತಂದಿಟ್ಟಳು. ಪೂರ್ತಿ ನೋಡಿದರು. ಇನ್ನೊಮ್ಮೆ ಹಾಕು ಎಂದರು. ಆಮೇಲೆ ಬ್ರೆಡ್ಡು ಕೆಳಗಿಟ್ಟರು.

"ಇದು ನಾನೇ. ಆದ್ರೆ ಮಾಡಿದ್ದು ನೆನಪಿಲ್ಲ" ಎಂದರು. ಮಗಳ ಮುಖ ನೋಡಿ, "ಎಲ್ರಿಗೂ ಗೊತ್ತಾಯ್ತಾ?" ಎಂದರು.

"ಈ ಮೂರು ಜನಕ್ಕೆ ಅಪ್ಪ."

"ಹೂಂ." ಕಾಫಿ ಗುಟುಕರಿಸಿದರು. "ಆ ಮುದುಕ ಚೆನ್ನಾಗಿದಾನೆ. ನಾನು ಎಚ್ಚರ ಇದ್ದಿದ್ರೆ ಹಾಗೆ ಮಾಡೋಕೆ ಬಿಡ್ತಿರ್ಲಿಲ್ಲ, ಏನಾದ್ರೂ ಕೆಡಿಸ್ತಿದ್ದೆ. ಇಟ್ಕೋ ಅನಾಕ್. ಆದ್ರೆ ನನ್ನ ಕಾಯಿಲೆ ಹೆಸರು ಹೇಳಿ ಟಿಕೆಟ್ ಮಾರ್ಬೇಡಿ. ಮರುಕಕ್ಕೆ ಬಂದ ಜನ ಪಾತ್ರ ನೋಡಲ್ಲ. ನಾನು ಹೋದ ಮೇಲೆ ಏನಾದ್ರೂ ಹೇಳ್ಕೊಳ್ಳಿ."

ಆಮೇಲೆ ಅವರೇ ಎದ್ದರು. "ಬರೆದಿದ್ದನ್ನೂ ಒಂದ್ಸಲ ತೆಗೆದುಬಿಡಿ. ಸೇಡಿನ ಸಿನಿಮಾ ಅಂತ ದುಡ್ಡು ಹಾಕಿರೋ ಮಹಾತಾಯಿ ಗುಂಡಿನ ಸದ್ದು ಕೇಳ್ತಾಳೆ."

ತೆಗೆದೆವು. ಎಲ್ಲ ಸಾಲನ್ನೂ ತಪ್ಪಿಲ್ಲದೆ ಹೇಳಿದರು, ನಕ್ಕರು, ನಾನು ಗುಂಡು ಹಾರಿಸಿದೆ. ಸತ್ತರು. ಸೊಗಸಾಗಿ ಸತ್ತರು. ಇಷ್ಟು ವರ್ಷ ನಾನು ಕನಸು ಕಂಡ ದೃಶ್ಯ. ಒಳಗೆ ಏನಾದರೂ ತಣ್ಣಗಾಗುತ್ತದೆಯೋ ಎಂದು ಕಾದು ನಿಂತೆ. ಬೀಳುವಾಗ ಉಪ್ಪಿನ ಹರಳಿಗೆ ಅವರ ಮೊಣಕೈ ತರಚಿತ್ತು. ಔಷಧಿ ಡಬ್ಬಿ ಹುಡುಕುವಷ್ಟರಲ್ಲಿ ಅದೆಲ್ಲ ಮರೆತೇಹೋಯಿತು.

ಮಾರ್ಚ್ ೧೬, ಭಾನುವಾರ

ಗಂಟುಮೂಟೆ ಕಟ್ಟಿದ್ದಾಯಿತು. ವ್ಯಾನು ಹತ್ತುವಾಗ ಕೇಳಿದರು, "ನಾವಿಬ್ರೂ ಹಿಂದೆ ಕೂಡಿ ಏನಾದ್ರೂ ಮಾಡಿದ್ವಾ ಅನಾಕ್? ಎಲ್ಲೋ ನೋಡಿದ ಹಾಗಿದೆ."

"ಒಂದೇ ಒಂದು ವಾರ ಕುಯಾ. ನಾನಾಗ ಹುಡುಗಿ."

"ಚೆನ್ನಾಗಿತ್ತಾ?"

"ಕುದುರೆ ಒಂದು ಕಾಟ ಕೊಡ್ತಿತ್ತು" ಎಂದೆ. ಬಹಳ ನಕ್ಕರು.

ಸೆಪ್ಟೆಂಬರ್ ೨೪, ಬುಧವಾರ. ಮನಿಲಾ

ತಿಂಗಳುಗಟ್ಟಲೆ ಇದನ್ನು ಮುಟ್ಟಿರಲಿಲ್ಲ. ಮತ್ತೆ ಧಾರಾವಾಹಿ, ಮತ್ತೆ ಕೆನ್ನೆಗಳು. ಭಾನುವಾರ ಮಧ್ಯಾಹ್ನ ಮಿರಾಸೋಲ್ ಪೇಟೆಗೆ ಹೋದಾಗ ನಾನು ಕುಯಾ ಜೊತೆ ಅವರ ಮನೆಯಲ್ಲಿ ಕೂರುತ್ತೇನೆ. ಹತ್ತಿರವೇ, ಒಂದೇ ಜೀಪ್ನಿ ಹತ್ತಿದರೆ ಸಾಕು.

ಇವತ್ತು ಚಿತ್ರ ಬಿಡುಗಡೆ. ಯಾವ ಕೊನೆ ಇಟ್ಟಿದ್ದಾಳೆಂದು ಯಾನಿ ನನಗೂ ಹೇಳಿರಲಿಲ್ಲ. ನಿರ್ಮಾಪಕಿಯ ಜೊತೆ ಜಗಳವಾಡಿದ್ದು ಮಾತ್ರ ಕಿವಿಗೆ ಬಿದ್ದಿತ್ತು. ಗಣ್ಯರ ಪ್ರದರ್ಶನ ಬೇಡವೆಂದು ಕುಯಾ, ಮಿರಾಸೋಲ್, ನಾನು ಮೂವರೂ ಮಧ್ಯಾಹ್ನದ ಮಾಮೂಲಿ ಆಟಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತೆವು. ನಡುವೆ ಕುಯಾ, ಮಡಿಲಲ್ಲಿ ಕಡಲೆಕಾಯಿ.

ಅವರಿಗೆ ತಾವು ನೋಡುತ್ತಿರುವುದು ಯಾರನ್ನು ಎಂಬುದು ಬೇಗನೆ ತಪ್ಪಿಹೋಯಿತು. ಮೀನಿನ ಮುಳ್ಳಿನ ದೃಶ್ಯಕ್ಕೆ ನನ್ನ ತೋಳು ಹಿಡಿದುಕೊಂಡರು. "ಕೆಟ್ಟ ಮನುಷ್ಯ ಇವನು. ಆ ಹೆಂಗಸು ಹುಷಾರಾಗಿರ್ಬೇಕು."

ಕೊನೆಗೆ ಉಗ್ರಾಣ ಬಂತು. ಪಿಸ್ತೂಲು ಕಂಡದ್ದೇ ಜನ ಎದ್ದು ಕೂತರು. "ಹೊಡಿ! ಹೊಡಿಯೇ ಈಸಿಂಗ್!" ಮುಂದಿನ ಸಾಲಿನ ಅಜ್ಜಿಯೊಬ್ಬಳು ಚಪ್ಪಲಿ ಎತ್ತಿದ್ದಳು. ಕುಯಾ ಕೂಡ ಕಡಲೆಕಾಯಿ ಹಿಡಿದ ಮುಷ್ಟಿ ಬೀಸಿ, "ಏನು ನೋಡ್ತಿದೀಯ, ಹೊಡಿ ಅವನಿಗೆ!" ಎಂದು ಕೂಗಿದರು. ಮಿರಾಸೋಲ್ ಮುಖ ಮುಚ್ಚಿಕೊಂಡಳು.

ಪರದೆಯ ಮೇಲಿನ ಮುದುಕ ತಲೆಯೆತ್ತಿ ಕೇಳಿದ. "ಯಾರಮ್ಮ ನೀನು?"

ಇಡೀ ಥಿಯೇಟರು ಸದ್ದಡಗಿತು. ಅಜ್ಜಿಯ ಚಪ್ಪಲಿ ಮೆಲ್ಲಗೆ ಕೆಳಗಿಳಿಯಿತು. ಈಸಿಂಗ್ ಕೂರುವುದನ್ನು, ಇಬ್ಬರೂ ಬಾಗಿಲು ನೋಡುವುದನ್ನು, ಬಿಸಿಲು ಜಾರುವುದನ್ನು ಎಲ್ಲರೂ ನೋಡಿದರು.

ಎಲ್ಲೋ ಒಬ್ಬ, "ಥೂ, ಹೊಡೀಲೇ ಇಲ್ಲ!" ಎಂದ. ಯಾರೋ ಅವನ ಬಾಯಿ ಮುಚ್ಚಿಸಿದರು.

ಕುಯಾ ನನ್ನ ಕಿವಿಗೆ ಬಾಗಿದರು. "ಯಾಕೆ ಬಿಟ್ಟಳು ಅನಾಕ್?"

"ಗೊತ್ತಾಗ್ಲಿಲ್ಲ ಕುಯಾ. ಇವತ್ತಿಗೂ ಗೊತ್ತಾಗಿಲ್ಲ."

ಒಂದು ಕಡಲೆಕಾಯಿ ಸುಲಿದರು. "ಊಟ ಆಯ್ತಾ ಅಂತ ಕೇಳಿಬಿಟ್ಟನಲ್ಲ ಆ ಮುದುಕ" ಎಂದರು. "ಕೇಳಿದ ಮೇಲೆ ಕಷ್ಟ."

ದೀಪ ಹತ್ತಿತು. ಮುಂದಿನ ಸಾಲಿನ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ತಿರುಗಿ ನಮ್ಮನ್ನು ಕಂಡು ಕೂಗಿಬಿಟ್ಟಳು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಒಬ್ಬರ ಹಿಂದೆ ಒಬ್ಬರು ಎದ್ದು ನಿಂತರು, ಚಪ್ಪಾಳೆ ಶುರುವಾಯಿತು.

ಜನ ಎದ್ದರೆಂದು ಕುಯಾನೂ ಎದ್ದರು. ಕಡಲೆಕಾಯಿಯನ್ನು ನನ್ನ ಕೈಗೆ ಕೊಟ್ಟು, ಅತ್ತಿತ್ತ ಕತ್ತು ಹೊರಳಿಸಿ ಇದೆಲ್ಲ ಯಾರಿಗೆಂದು ಹುಡುಕುತ್ತಾ, ಎಲ್ಲರಿಗಿಂತ ಜೋರಾಗಿ ಅವರೂ ಚಪ್ಪಾಳೆ ತಟ್ಟತೊಡಗಿದರು.